ಹೇಳಿ ಮಾಡಿಸಿದ ಬಂಡಿ

(ಅಂತಿಮ ಬಿ.ಎ. ತರಗತಿ)

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮಣ್ಣು, ಕಲ್ಲು, ಮರ, ಗಾರೆ, ಕೂಲಿ, ಸಾಲ ಇವೆಲ್ಲದರ ಕಷ್ಟವೂ ಆ ಒಂದು ಮಾತಿನಲ್ಲಿ ಅಡಗಿದೆ. ಆದರೆ ಮನೆ ಕಟ್ಟುವುದಕ್ಕೆ ಮೊದಲು ಆ ಮನೆಗೊಂದು ಬಂಡಿಯನ್ನು ಮಾಡಿಸಬೇಕಾದ ಕಷ್ಟವನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು ಇಪ್ಪತ್ತೈದು ವರ್ಷಗಳಿಂದ ಒಂದು ವರ್ಗದ ಜನರು ಈ ಕಷ್ಟವನ್ನು ತಾವಾಗಿಯೇ ಮೈಮೇಲೆ ಎಳೆದುಕೊಂಡಿದ್ದಾರೆ. ಅವರು ವಾಸಿಸುವ ಮನೆಯ ಕೆಳಗೆ ಕಲ್ಲಿನ ತಳಪಾಯವಿಲ್ಲ. ಉಕ್ಕಿನ ಟ್ರೇಲರೊಂದಿದೆ, ಅದಕ್ಕೆ ನಾಲ್ಕೋ ಆರೋ ಗಾಲಿಗಳಿವೆ. ಆ ಟ್ರೇಲರನ್ನು ಕೊಳ್ಳುವಾಗ ಏನೇನನ್ನು ವಿಚಾರ ಮಾಡಬೇಕು, ಅದನ್ನು ಸಿದ್ಧವಾಗಿ ಸಿಕ್ಕುವ ಸಾಮಾನಿನಂತೆ ಕೊಳ್ಳದೆ ಹೇಳಿ ಮಾಡಿಸುವುದೇಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪುಟ್ಟ ಮನೆಯೆಂದರೇನೆಂಬುದನ್ನು ತಿಳಿಯೋಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಟೈನಿ ಹೌಸ್’ ಎಂದು ಹೆಸರು. ಸಾಮಾನ್ಯವಾಗಿ 400 ಚದರಡಿಯನ್ನು ಮೀರದ ಮನೆಯನ್ನು ಹೀಗೆ ಕರೆಯುತ್ತಾರೆ. ನೆಲದ ಮೇಲೆ ಕಟ್ಟಿದವೂ ಉಂಟು, ಗಾಲಿಯ ಮೇಲೆ ಕಟ್ಟಿದವೂ ಉಂಟು. ಗಾಲಿಯ ಮೇಲಿನದು ಇನ್ನೂ ಚಿಕ್ಕದು. 20 ಅಡಿ ಉದ್ದ, ಎಂಟೂವರೆ ಅಡಿ ಅಗಲವೆಂದರೆ ಒಟ್ಟು 170 ಚದರಡಿ. ಅಷ್ಟರಲ್ಲಿಯೇ ಅಡುಗೆಯ ಕಟ್ಟೆ, ಬಚ್ಚಲು, ಕುಳಿತುಕೊಳ್ಳುವ ಜಾಗ, ಏಣಿ ಹತ್ತಿ ಮಲಗಲು ಒಂದು ಅಟ್ಟ. ರಜಾ ದಿನಗಳಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಹಗುರವಾದ ಕ್ಯಾರವಾನಿಗೂ ಇದಕ್ಕೂ ವ್ಯತ್ಯಾಸವಿದೆ. ಕ್ಯಾರವಾನು ಮನೆಯ ಸೌಕರ್ಯವುಳ್ಳ ವಾಹನ. ಇದಾದರೋ ವಾಹನದ ಮೇಲೆ ಕುಳಿತ ಮನೆ. ಮರದ ಚೌಕಟ್ಟಿನ ಗೋಡೆ, ಇಳಿಜಾರಾದ ಮಾಡು, ಗಾಜಿನ ಕಿಟಕಿ ಎಲ್ಲವೂ ಆ ದೇಶದ ಊರೊಳಗಿನ ಮನೆಗಳಂತೆಯೇ. ಆದುದರಿಂದಲೇ ಇದರ ತೂಕ ಹೆಚ್ಚು. ತೂಕ ಹೆಚ್ಚಾದುದರಿಂದಲೇ ಕೆಳಗಿನ ಟ್ರೇಲರಿನ ಪ್ರಶ್ನೆ ದೊಡ್ಡದು.

ಸಣ್ಣ ಮನೆಯ ಆಸೆ ಅಮೆರಿಕದಲ್ಲಿ ಹೊಸದೇನೂ ಅಲ್ಲ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೆನ್ರಿ ಡೇವಿಡ್ ಥೋರೋ ಪರಿಚಿತನೇ. ಅವನು 1845ರಲ್ಲಿ ಮೆಸಾಚುಸೆಟ್ಸ್ ಸಂಸ್ಥಾನದ ಕಾಂಕರ್ಡಿನ ಬಳಿ, ವಾಲ್ಡನ್ ಕೊಳದ ದಂಡೆಯಲ್ಲಿ, 15 ಅಡಿ ಉದ್ದ, 10 ಅಡಿ ಅಗಲದ ಒಂದು ಮನೆಯನ್ನು ಕಟ್ಟಿಕೊಂಡ. ಖರ್ಚಾದದ್ದು 28 ಡಾಲರು 12½ ಸೆಂಟು. ರೈಲ್ವೆ ಕೆಲಸಗಾರನೊಬ್ಬನ ಹಳೆಯ ಗುಡಿಸಲನ್ನು ನಾಲ್ಕೂಕಾಲು ಡಾಲರಿಗೆ ಕೊಂಡು, ಅದನ್ನು ಬಿಚ್ಚಿ, ಹಲಗೆಗಳನ್ನು ಬಂಡಿಯಲ್ಲಿ ಸಾಗಿಸಿ ತಂದುದಾಗಿ 1854ರಲ್ಲಿ ಪ್ರಕಟವಾದ ‘ವಾಲ್ಡನ್’ ಗ್ರಂಥದಲ್ಲಿ ಅವನೇ ಲೆಕ್ಕ ಒಪ್ಪಿಸಿದ್ದಾನೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮನೆ ಥೋರೋನದು, ನೆಲ ಅವನದಲ್ಲ, ಅವನ ಸ್ನೇಹಿತ ಎಮರ್ಸನ್ನನದು. ಮನೆಯನ್ನು ಹೇಗಾದರೂ ಕಟ್ಟಿಕೊಳ್ಳಬಹುದು, ಅದನ್ನು ಇಡುವ ನೆಲವೆಲ್ಲಿ ಎಂಬ ಪ್ರಶ್ನೆ ಪುಟ್ಟ ಮನೆಯವರನ್ನು ಇಂದಿಗೂ ಬಿಟ್ಟಿಲ್ಲ.

ಇತ್ತ ದೇಶದ ಉಳಿದವರ ಮನೆಗಳು ಬೆಳೆಯುತ್ತಲೇ ಹೋದವು. 1973ರಲ್ಲಿ ಅಲ್ಲಿ ಒಂದು ಕುಟುಂಬಕ್ಕೆಂದು ಹೊಸದಾಗಿ ಕಟ್ಟಿದ ಮನೆಯ ಸರಾಸರಿ ವಿಸ್ತಾರ ಸುಮಾರು 1,660 ಚದರಡಿ ಇದ್ದುದು 2015ರ ವೇಳೆಗೆ 2,600 ಚದರಡಿಯನ್ನು ದಾಟಿತು. ಈ ಪ್ರವಾಹಕ್ಕೆ ಎದುರಾಗಿ ಕೆಲವರು ನಿಂತರು. ಜೇ ಷೇಫರ್ ಎಂಬಾತ 1999ರಲ್ಲಿ ಅಯೋವಾ ಸಂಸ್ಥಾನದಲ್ಲಿ ಸುಮಾರು 100 ಚದರಡಿಯ ಮನೆಯೊಂದನ್ನು ಗಾಲಿಗಳ ಮೇಲೆ ಕಟ್ಟಿ ಅದರಲ್ಲಿ ವಾಸಮಾಡಿದನು. ಡೀ ವಿಲಿಯಮ್ಸ್ ಎಂಬಾಕೆ ಹೃದಯದ ಕಾಯಿಲೆಯಿಂದ ನರಳಿದ ಮೇಲೆ ತನ್ನ ದೊಡ್ಡ ಮನೆಯನ್ನು ಮಾರಿ, 2004ರಲ್ಲಿ 84 ಚದರಡಿಯ ಗಾಲಿಯ ಮನೆಯನ್ನು ಕಟ್ಟಿ, ವಾಷಿಂಗ್ಟನ್ ಸಂಸ್ಥಾನದ ಒಲಿಂಪಿಯ ನಗರದಲ್ಲಿ ಸ್ನೇಹಿತರ ಹಿತ್ತಲಿನಲ್ಲಿ ಅದನ್ನು ನಿಲ್ಲಿಸಿಕೊಂಡಳು. 2008ರ ಆರ್ಥಿಕ ಕುಸಿತದಲ್ಲಿ ಸಾಲ ತೀರಿಸಲಾರದೆ ಲಕ್ಷಾಂತರ ಕುಟುಂಬಗಳು ಮನೆಗಳನ್ನು ಕಳೆದುಕೊಂಡಾಗ, ಸಾಲವಿಲ್ಲದ ಸಣ್ಣ ಮನೆಯ ಮಾತು ಹೆಚ್ಚು ಜನರ ಕಿವಿಗೆ ಬಿತ್ತು.

ಇವರು ಗಾಲಿಯನ್ನೇ ಏಕೆ ಆರಿಸಿಕೊಂಡರು? ಊರೂರು ಸುತ್ತುವ ಆಸೆಯೇ ಕಾರಣವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಎಷ್ಟೋ ಗಾಲಿಯ ಮನೆಗಳು ವರ್ಷಗಟ್ಟಲೆ ನಿಂತಲ್ಲಿಯೇ ನಿಂತಿರುತ್ತವೆ. ನಿಜವಾದ ಕಾರಣ ಕಾನೂನು. ಅಲ್ಲಿ ಅನೇಕ ಕಡೆ ಅನುಸರಿಸುವ ಕಟ್ಟಡ ಸಂಹಿತೆಯ ಪ್ರಕಾರ ಮನೆಯಲ್ಲಿ ಕಡೆಯ ಪಕ್ಷ ಒಂದು ಕೋಣೆಯಾದರೂ 120 ಚದರಡಿ ಇರಲೇಬೇಕೆಂಬ ನಿಯಮವಿತ್ತು. 2015ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಇದಲ್ಲದೆ ಊರೂರಿನ ಆಡಳಿತಗಳು ಮನೆಗೆ ಕನಿಷ್ಠ ವಿಸ್ತಾರವನ್ನು ತಾವೇ ಗೊತ್ತುಮಾಡಿರುವುದೂ ಉಂಟು. ದೊಡ್ಡದಾಗಿ ಕಟ್ಟಬೇಡವೆನ್ನುವ ಕಾನೂನನ್ನು ನಾವು ಬಲ್ಲೆವು. ಚಿಕ್ಕದಾಗಿ ಕಟ್ಟಬೇಡವೆನ್ನುವ ಕಾನೂನು ಅಲ್ಲಿನದು. ಕೆಳಗೆ ಗಾಲಿಯಿಟ್ಟರೆ ಅದು ಕಟ್ಟಡವೆನಿಸದೆ ವಾಹನವೆನಿಸಿಕೊಳ್ಳುತ್ತದೆ, ಕಟ್ಟಡದ ನಿಯಮ ಅದನ್ನು ಮುಟ್ಟುವುದಿಲ್ಲ. ಆದರೆ ಒಂದು ಕಾನೂನಿನ ಕೈಯಿಂದ ಬಿಡಿಸಿಕೊಂಡವನು ಇನ್ನೊಂದರ ಕೈಗೆ ಸಿಕ್ಕಿದನು. ಅದು ರಸ್ತೆಯ ಕಾನೂನು. ಟ್ರೇಲರಿನ ಅಳತೆಯೆಲ್ಲವೂ ಇಲ್ಲಿಂದಲೇ ಹುಟ್ಟುತ್ತದೆ.

ವಿಶೇಷ ಅಪ್ಪಣೆಯಿಲ್ಲದೆ ಅಲ್ಲಿನ ರಸ್ತೆಗಳಲ್ಲಿ ಸಾಗುವ ವಾಹನದ ಅಗಲ ಸಾಮಾನ್ಯವಾಗಿ 8 ಅಡಿ 6 ಅಂಗುಲವನ್ನು ಮೀರಬಾರದು. ಮಾಡಿನ ಅಂಚು, ಕಿಟಕಿಯ ಚೌಕಟ್ಟು ಎಲ್ಲವೂ ಅಷ್ಟರಲ್ಲಿಯೇ ಅಡಗಬೇಕು. ಎತ್ತರ ಬಹುತೇಕ ಸಂಸ್ಥಾನಗಳಲ್ಲಿ 13 ಅಡಿ 6 ಅಂಗುಲ, ಪಶ್ಚಿಮದ ಹಲವು ಸಂಸ್ಥಾನಗಳಲ್ಲಿ 14 ಅಡಿ. ಈ ಎತ್ತರವನ್ನು ನೆಲದಿಂದ ಅಳೆಯುತ್ತಾರೆಯೇ ಹೊರತು ಟ್ರೇಲರಿನ ಹಾಸಿನಿಂದ ಅಲ್ಲ. ಆದುದರಿಂದ ಹಾಸು ಒಂದಂಗುಲ ಕೆಳಗಿದ್ದಷ್ಟೂ ಮನೆಯೊಳಗೆ ಒಂದಂಗುಲ ಲಾಭ. ಗಾಲಿಗಳ ಮೇಲೆಯೇ ಹಾಸನ್ನು ಹಾಯಿಸಿದ ಟ್ರೇಲರಿನಲ್ಲಿ ಹಾಸು ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿರುತ್ತದೆ. ಗಾಲಿಗಳ ನಡುವೆ ಹಾಸನ್ನು ಇಳಿಸಿದ ಟ್ರೇಲರಿನಲ್ಲಿ ಅದು ಸುಮಾರು ಎರಡಡಿ. ಅಚ್ಚನ್ನೇ ಬಗ್ಗಿಸಿ ಮಾಡಿದ ಇನ್ನೊಂದು ಬಗೆಯಲ್ಲಿ ಇನ್ನೂ ಕೆಲವು ಅಂಗುಲ ಕಡಿಮೆ.

ಈ ಒಂದಡಿಯ ಬೆಲೆ ಏನೆಂಬುದನ್ನು ಲೆಕ್ಕಹಾಕಿ ನೋಡಬಹುದು. ಹದಿಮೂರೂವರೆ ಅಡಿಯಲ್ಲಿ ಹಾಸಿನ ಎರಡಡಿಯನ್ನು ಕಳೆದರೆ ಹನ್ನೊಂದೂವರೆ ಉಳಿಯಿತು. ನೆಲದ ಮತ್ತು ಮಾಡಿನ ದಪ್ಪಕ್ಕೆ ಒಂದಡಿ ಹೋಯಿತು. ಕೆಳಗೆ ತಲೆ ತಾಗದೆ ನಿಲ್ಲಲು ಆರೂಕಾಲು ಅಡಿಯಾದರೂ ಬೇಕು, ಅಟ್ಟದ ಹಲಗೆ ತೊಲೆಗೆ ಇನ್ನೊಂದು ಕಾಲಡಿ. ಕಡೆಗೆ ಅಟ್ಟದಲ್ಲಿ ಉಳಿಯುವುದು ನಾಲ್ಕಡಿ. ಅಲ್ಲಿ ಎದ್ದು ಕುಳಿತು ಪುಸ್ತಕ ಓದಬಹುದು. ಎತ್ತರದ ಹಾಸಿನ ಟ್ರೇಲರಾಗಿದ್ದರೆ ಉಳಿಯುವುದು ಮೂರೇ ಅಡಿ. ತೆವಳಿ ಹೋಗಿ ಮಲಗಬೇಕು, ತೆವಳಿ ಹೊರಬರಬೇಕು. ಹಾಗೆಂದು ಎತ್ತರದ ಹಾಸಿನಲ್ಲಿ ಗುಣವಿಲ್ಲವೆಂದಲ್ಲ. ಅಲ್ಲಿ ಪೂರ್ತಿ ಎಂಟೂವರೆ ಅಡಿ ಅಗಲದ ಸಮನಾದ ನೆಲ ಸಿಕ್ಕುತ್ತದೆ. ತಗ್ಗಿನ ಹಾಸಿನಲ್ಲಿ ಗಾಲಿಯ ಮಡ್‌ಗಾರ್ಡುಗಳು ಮನೆಯೊಳಕ್ಕೆ ಪೆಟ್ಟಿಗೆಗಳಂತೆ ತಲೆಹಾಕುತ್ತವೆ. ಅವುಗಳ ಮೇಲೆ ಬೀರುವನ್ನೋ ಬೆಂಚನ್ನೋ ಕೂರಿಸಿಕೊಳ್ಳಬೇಕು. ಯಾವುದು ಬೇಕೆಂಬುದನ್ನು ಮನೆಯ ನಕ್ಷೆ ನಿರ್ಧರಿಸಬೇಕೇ ಹೊರತು ವ್ಯಾಪಾರಿಯ ಅಂಗಳದಲ್ಲಿ ಆ ದಿನ ನಿಂತಿರುವ ಟ್ರೇಲರು ನಿರ್ಧರಿಸಬಾರದು.

ಅಳತೆಯ ತರುವಾಯ ತೂಕದ ಮಾತು. ಪ್ರತಿಯೊಂದು ಟ್ರೇಲರಿಗೂ ತಯಾರಕನು ಒಂದು ಭಾರಮಿತಿಯನ್ನು ನಿಗದಿಮಾಡಿ ಫಲಕದಲ್ಲಿ ಕೆತ್ತಿಸಿರುತ್ತಾನೆ. ಹೊಸಬರು ಮಾಡುವ ಮೊದಲ ತಪ್ಪು ಇಲ್ಲಿಯೇ. ಆ ಮಿತಿ ಟ್ರೇಲರು ಹೊರಬಲ್ಲ ಮನೆಯ ತೂಕವಲ್ಲ. ಟ್ರೇಲರಿನ ಸ್ವಂತ ತೂಕವೂ ಸೇರಿದ ಒಟ್ಟು ತೂಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. 20 ಅಡಿಯ ಟ್ರೇಲರಿನ ಸ್ವಂತ ತೂಕ 3,000 ಪೌಂಡು ಎಂದಿಟ್ಟುಕೊಳ್ಳಿ. ಮೇಲೆ ಕಟ್ಟಿದ ಮನೆ 8,000 ಪೌಂಡು. ಒಲೆ, ಹಾಸಿಗೆ, ಪಾತ್ರೆ, ಪುಸ್ತಕ, ಬಟ್ಟೆಬರೆ 1,500 ಪೌಂಡು. ಅಮೆರಿಕದ ಒಂದು ಗ್ಯಾಲನ್ ನೀರು ಎಂಟೂಕಾಲು ಪೌಂಡಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. 40 ಗ್ಯಾಲನ್ನಿನ ತೊಟ್ಟಿ ತುಂಬಿದ್ದರೆ ಇನ್ನೂ 330 ಪೌಂಡು. ಎಲ್ಲ ಕೂಡಿದರೆ 12,830 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಐದೂಮುಕ್ಕಾಲು ಟನ್ನಿಗಿಂತ ಸ್ವಲ್ಪ ಹೆಚ್ಚು.

ಈಗ ಅಚ್ಚುಗಳನ್ನು ನೋಡೋಣ. ಅಲ್ಲಿ ಟ್ರೇಲರಿನ ಅಚ್ಚುಗಳು 3,500, 5,200, 7,000 ಪೌಂಡು ಹೀಗೆ ಗೊತ್ತಾದ ಶಕ್ತಿಗಳಲ್ಲಿ ಸಿಕ್ಕುತ್ತವೆ. 5,200ರ ಎರಡು ಅಚ್ಚು ಹಾಕಿಸಿದರೆ 10,400. ನಮ್ಮ ಮನೆಗೆ ಸಾಲದು. 7,000ದ ಎರಡು ಹಾಕಿಸಿದರೆ 14,000. ಸಾಕು, ಕೊಂಚ ಮಿಕ್ಕುತ್ತದೆ ಕೂಡ. ಆ ಮಿಗುವನ್ನು ದುಂದು ಎಂದು ಬಗೆಯಬಾರದು. ಮನೆಗೆ ಬಂದವರು ವರ್ಷ ಕಳೆದಂತೆ ಸಾಮಾನುಗಳನ್ನು ಹೆಚ್ಚಿಸುತ್ತಾರೆಯೇ ಹೊರತು ಕಡಿಮೆ ಮಾಡುವವರು ವಿರಳ. ಕಟ್ಟುವ ಸಾಮಗ್ರಿಯನ್ನು ಆರಿಸುವಾಗಲೂ ಈ ಲೆಕ್ಕ ಮನಸ್ಸಿನಲ್ಲಿರಬೇಕು. ಅಲ್ಲಿ ಒಳಗೋಡೆಗೆ ಸಾಮಾನ್ಯವಾಗಿ ಬಳಸುವ ಅರ್ಧ ಅಂಗುಲ ದಪ್ಪದ ಜಿಪ್ಸಮ್ ಹಲಗೆ, ನಾಲ್ಕಡಿಗೆ ಎಂಟಡಿಯದು, ಒಂದೊಂದೂ ಸುಮಾರು 50 ಪೌಂಡು ತೂಗುತ್ತದೆ. ಇಪ್ಪತ್ತು ಹಲಗೆ ಹೊಡೆದರೆ 1,000 ಪೌಂಡು ಅಲ್ಲಿಯೇ ಆಯಿತು. ದಾರಿಯ ಕುಲುಕಾಟಕ್ಕೆ ಅದು ಬಿರುಕು ಬಿಡುವುದೂ ಉಂಟು. ಆದುದರಿಂದ ಅನುಭವಸ್ಥರು ತೆಳುವಾದ ಪೈನ್ ಮರದ ಪಟ್ಟಿಗಳನ್ನು ಬಳಸುತ್ತಾರೆ. ಕೆಲಸದ ನಡುನಡುವೆ ಲಾರಿ ತೂಗುವ ಕಾಟಾದ ಮೇಲೆ ಮನೆಯನ್ನು ನಿಲ್ಲಿಸಿ ತೂಕ ನೋಡುವ ವಿವೇಕಿಗಳೂ ಇದ್ದಾರೆ.

ತೂಕ ಎಷ್ಟೆಂಬುದು ಒಂದು ಪ್ರಶ್ನೆಯಾದರೆ, ಆ ತೂಕ ಎಲ್ಲಿ ಕುಳಿತಿದೆಯೆಂಬುದು ಇನ್ನೊಂದು. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಎತ್ತಿನ ಗಾಡಿಯನ್ನು ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತುಗಳ ಕೊರಳಿಗೆ ಕಣ್ಣಿ ಬಿಗಿಯುತ್ತದೆ. ಟ್ರೇಲರಿನದೂ ಅದೇ ಧರ್ಮ. ಅದರ ಮೂತಿಯ ಬಟ್ಟಲು ಎಳೆಯುವ ವಾಹನದ ಹಿಂದಿನ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಆ ಗುಂಡಿನ ಮೇಲೆ ಬೀಳಬೇಕೆಂಬುದು ಅಲ್ಲಿ ಎಲ್ಲರೂ ಒಪ್ಪಿದ ನಿಯಮ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಹೋಗುವಾಗ ಟ್ರೇಲರಿನ ಹಿಂಭಾಗ ಅತ್ತಿತ್ತ ಬಾಲದಂತೆ ಬೀಸತೊಡಗುತ್ತದೆ. ಒಮ್ಮೆ ಬೀಸಲಾರಂಭಿಸಿದರೆ ಎಳೆಯುವ ವಾಹನವನ್ನೂ ಎಳೆದುಕೊಂಡು ಮಗುಚಬಹುದು.

ಇದನ್ನು ಸಾಧಿಸುವುದು ಅಚ್ಚುಗಳ ಸ್ಥಾನದಿಂದ. ಅಚ್ಚುಗಳನ್ನು ಹಾಸಿನ ಮಧ್ಯಕ್ಕೆ ಹಾಕದೆ ಹಿಂದಕ್ಕೆ ಹಾಕುತ್ತಾರೆ. ನೂರಕ್ಕೆ 60 ಪಾಲು ಮುಂದೆ, 40 ಪಾಲು ಹಿಂದೆ ಎಂಬುದು ಸ್ಥೂಲವಾದ ಸೂತ್ರ. 20 ಅಡಿಯ ಹಾಸಿನಲ್ಲಿ ಜೋಡಿ ಅಚ್ಚುಗಳ ಮಧ್ಯಬಿಂದು ಮುಂದಿನಿಂದ 12 ಅಡಿಗೆ ಬಂತು. ಕೊಂಡಿಯ ಗುಂಡು ಹಾಸಿಗಿಂತ 4 ಅಡಿ ಮುಂದಿದೆಯೆನ್ನೋಣ. ಅಚ್ಚಿನಿಂದ ಗುಂಡಿಗೆ 16 ಅಡಿ. ತೂಕ ಸಮನಾಗಿ ಹರಡಿದ್ದರೆ ಅದರ ಕೇಂದ್ರ ಹಾಸಿನ ಮಧ್ಯದಲ್ಲಿ, ಅಂದರೆ ಅಚ್ಚಿಗಿಂತ 2 ಅಡಿ ಮುಂದೆ. ತಕ್ಕಡಿಯ ನ್ಯಾಯದಂತೆ ಗುಂಡಿನ ಮೇಲೆ ಬೀಳುವ ಭಾರ ಹದಿನಾರರಲ್ಲಿ ಎರಡು ಪಾಲು, ನೂರಕ್ಕೆ ಹನ್ನೆರಡೂವರೆ. ಬೇಕಾದ್ದೂ ಅಷ್ಟೇ. ಬೆಸುಗೆಯವನು ಅದೇ ಅಚ್ಚುಗಳನ್ನು ಒಂದೇ ಒಂದಡಿ ಮುಂದಕ್ಕೆ ಕೂರಿಸಿದನೆನ್ನಿ. ಆಗ ಹದಿನೈದರಲ್ಲಿ ಒಂದು ಪಾಲು, ನೂರಕ್ಕೆ ಏಳೂ ಇಲ್ಲ. ಮನೆಯವನೇ ಅಡುಗೆಮನೆ, ನೀರಿನ ತೊಟ್ಟಿ, ಬಚ್ಚಲುಗಳನ್ನೆಲ್ಲ ಹಿಂಭಾಗಕ್ಕೆ ಸೇರಿಸಿ ತೂಕದ ಕೇಂದ್ರವನ್ನು ಒಂದಡಿ ಹಿಂದಕ್ಕೆ ಸರಿಸಿದರೂ ಪರಿಣಾಮ ಹೆಚ್ಚುಕಡಿಮೆ ಇದೇ. ಒಂದಡಿಯ ತಪ್ಪಿನಿಂದ ಭಾರ ಅರ್ಧಕ್ಕೆ ಇಳಿಯಿತು.

ನಮ್ಮ ಮನೆಯ ಅನುಭವವೊಂದನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ನನ್ನ ತಂದೆಯವರೂ ಚಿಕ್ಕಪ್ಪನವರೂ ಕೂಡಿ ಕಬ್ಬು ಸಾಗಿಸಲೆಂದು ಎರಡು ಗಾಲಿಯ ಟ್ರೇಲರೊಂದನ್ನು ಪಟ್ಟಣದ ವರ್ಕ್‌ಷಾಪೊಂದರಲ್ಲಿ ಮಾಡಿಸಿದರು. ‘ಗಟ್ಟಿಯಾಗಿ ಮಾಡಿಕೊಡಿ’ ಎಂಬುದಷ್ಟೇ ಅವರು ಹೇಳಿದ ಮಾತು. ಗಟ್ಟಿಯಾಗಿಯೇ ಬಂತು. ಆದರೆ ಅಚ್ಚು ಹಾಸಿನ ನಡುವಿಗೆ ತೀರ ಹತ್ತಿರವಾಗಿತ್ತು. ಕಬ್ಬನ್ನು ಹಿಂದಕ್ಕೆ ಚಾಚುವಂತೆ ಪೇರಿಸಿದೊಡನೆ ಹಿಂಭಾರವಾಗಿ, ಟ್ರೇಲರಿನ ಮೂತಿ ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತಿತು. ಕೆರೆಯ ಏರಿಯನ್ನು ಹತ್ತುವಾಗ ದೊಡ್ಡ ಗಾಲಿಗಳು ಹಿಡಿತ ತಪ್ಪಿ ಇದ್ದಲ್ಲಿಯೇ ತಿರುಗಿದವು. ವರ್ಕ್‌ಷಾಪಿನವರನ್ನು ಕೇಳಿದರೆ, ‘ಕಬ್ಬು ತುಂಬುತ್ತೇವೆ ಅಂತ ನೀವು ಹೇಳಲೇ ಇಲ್ಲವಲ್ಲ, ಯಜಮಾನರೆ’ ಎಂದರು. ಅಚ್ಚನ್ನು ಬಿಡಿಸಿ ಹಿಂದಕ್ಕೆ ಬೆಸೆಯಿಸಲು ಮತ್ತೊಮ್ಮೆ ಹಣ ತೆತ್ತದ್ದಾಯಿತು. ಆ ವರ್ಷ ನನ್ನ ಕಾಲೇಜಿನ ಫೀಜು ಎರಡು ಕಂತಿನಲ್ಲಿ ಸಂದಿತು. ಆದರೂ ನಮ್ಮ ಟ್ರೇಲರಿನ ಮೇಲೆ ಇದ್ದದ್ದು ಒಂದು ದಿನದ ಕಬ್ಬು. ಇಳಿಸಿ ಸರಿಪಡಿಸಲು ಸಾಧ್ಯವಾಯಿತು. ಟ್ರೇಲರಿಗೆ ಬಿಗಿದು ಕಟ್ಟಿದ ಮನೆಯನ್ನು ಇಳಿಸುವುದೆಂತು? ಈ ಲೇಖನವನ್ನು ಬರೆಯುವಂತೆ ನನ್ನನ್ನು ಪ್ರೇರಿಸಿದ್ದು ಈ ಪ್ರಶ್ನೆಯೇ.

ಮೊದಮೊದಲು ಪುಟ್ಟ ಮನೆ ಕಟ್ಟಿದವರಲ್ಲಿ ಅನೇಕರು ಸಾಮಾನು ಸಾಗಿಸುವ ಸಾಧಾರಣ ಟ್ರೇಲರುಗಳನ್ನೋ ಹಳೆಯ ಕ್ಯಾರವಾನಿನ ಚೌಕಟ್ಟುಗಳನ್ನೋ ಕೊಂಡು ಅವುಗಳ ಮೇಲೆಯೇ ಕಟ್ಟುತ್ತಿದ್ದರು. ಅವು ಅಗ್ಗವೆಂಬುದು ನಿಜ. ಆದರೆ ಸಾಮಾನು ಸಾಗಿಸುವ ಟ್ರೇಲರು ಈ ದಿನ ಹೊತ್ತುದನ್ನು ನಾಳೆ ಇಳಿಸುತ್ತದೆ. ಮನೆಯ ಟ್ರೇಲರು ಹಗಲಿರುಳೂ ಪೂರ್ಣ ಭಾರವನ್ನು ಹೊತ್ತೇ ಇರಬೇಕು. ಕ್ಯಾರವಾನಿನ ಚೌಕಟ್ಟು ಹಗುರವಾದ ಮೈಯನ್ನು ಹೊರಲು ಮಾಡಿದ್ದು. ಅದರ ಮೇಲೆ ಮರದ ಮನೆಯನ್ನು ಕೂರಿಸಿದರೆ ತೊಲೆಗಳು ಬಾಗಿ ಬಾಗಿಲು ಕಿಟಕಿಗಳು ಮುಚ್ಚದಂತಾಗುತ್ತವೆ. ಬಣ್ಣದ ಕೆಳಗಿನ ತುಕ್ಕು ಕೊಳ್ಳುವವನ ಕಣ್ಣಿಗೆ ಬೀಳುವುದೂ ಕಷ್ಟ. ಆದುದರಿಂದ ಬರಬರುತ್ತ ಮನೆಗೆಂದೇ ಟ್ರೇಲರನ್ನು ತಯಾರಿಸುವವರು ಹುಟ್ಟಿಕೊಂಡರು.

ಇಂತಹ ಟ್ರೇಲರಿನ ವಿಶೇಷಗಳೇನು? ಮೊದಲನೆಯದು, ಮನೆಯನ್ನು ಚೌಕಟ್ಟಿಗೆ ಬಂಧಿಸುವ ವ್ಯವಸ್ಥೆ. ಗಂಟೆಗೆ 60 ಮೈಲಿ ವೇಗದಲ್ಲಿ ಸಾಗುವ ಮನೆಗೆ 15 ಮೈಲಿಯ ಎದುರುಗಾಳಿ ಬೀಸಿದರೆ ಒಟ್ಟು 75 ಮೈಲಿಯಾಯಿತು. ಅಮೆರಿಕದಲ್ಲಿ 74 ಮೈಲಿಯನ್ನು ಮುಟ್ಟಿದ ಬಿರುಗಾಳಿಗೆ ಹರಿಕೇನ್ ಎಂದು ಹೆಸರು! ಕೆಳಗಿನಿಂದ ರಸ್ತೆಯ ಹಳ್ಳದಿಣ್ಣೆಗಳು ಭೂಕಂಪದಂತೆ ಅಲುಗಾಡಿಸುತ್ತಿರುತ್ತವೆ. ಮೊಳೆಗಳ ಬಲದಿಂದಲೇ ಮನೆ ನಿಲ್ಲದು. ಹೇಳಿ ಮಾಡಿಸಿದ ಟ್ರೇಲರಿನಲ್ಲಿ ದಪ್ಪನೆಯ ಬೋಲ್ಟುಗಳನ್ನು ಗೊತ್ತಾದ ಸ್ಥಳಗಳಲ್ಲಿ ಮೊದಲೇ ಬೆಸೆದಿರುತ್ತಾರೆ, ಗೋಡೆಯ ಬುಡದ ಮರವನ್ನು ಅವುಗಳಿಗೆ ಬಿಗಿಯಬಹುದು. ಆಮೇಲೆ ತೊಲೆಯ ಅಂಚಿನಲ್ಲಿ ಮನಬಂದಲ್ಲಿ ರಂಧ್ರ ಕೊರೆದರೆ ತೊಲೆ ದುರ್ಬಲವಾಗುತ್ತದೆ. ಬಣ್ಣ ಹೊಡೆದ ಮೇಲೆ ಬೆಸುಗೆ ಹಾಕಿದರೆ ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಬೋಲ್ಟು ಬಾಗಿಲಿನ ಹೊಸ್ತಿಲಿಗೆ ಎದುರಾಗಿ ಬಾರದಿರಬೇಕಾದರೆ ಬಾಗಿಲು ಎಲ್ಲಿದೆಯೆಂಬುದು ತಯಾರಕನಿಗೆ ತಿಳಿದಿರಬೇಕು.

ಎರಡನೆಯದು ನೆಲದ ರಚನೆ. ಸಾಧಾರಣ ಟ್ರೇಲರಿನ ಮರದ ಹಾಸಿನ ಮೇಲೆ ಮತ್ತೊಂದು ನೆಲವನ್ನು ಕಟ್ಟಿದರೆ ಮೂರು ನಾಲ್ಕು ಅಂಗುಲ ಎತ್ತರ ವ್ಯರ್ಥವಾಗುತ್ತದೆ. ಮನೆಯ ಟ್ರೇಲರಿನಲ್ಲಿ ಮರದ ಹಾಸೇ ಇರುವುದಿಲ್ಲ. ಉಕ್ಕಿನ ಅಡ್ಡತೊಲೆಗಳೇ ನೆಲದ ತೊಲೆಗಳು. ಅವುಗಳ ನಡುವೆ ಚಳಿ ತಡೆಯುವ ವಸ್ತುವನ್ನು ತುಂಬಿ, ಕೆಳಗೆ ನೀರೂ ಇಲಿಯೂ ನುಗ್ಗದಂತೆ ತಗಡನ್ನು ಮುಚ್ಚುತ್ತಾರೆ. ಹಿಮ ಬೀಳುವ ದೇಶದಲ್ಲಿ ಇದು ಅಲ್ಪ ವಿಷಯವಲ್ಲ. ಉಕ್ಕು ಚಳಿಯನ್ನು ಒಳಕ್ಕೆ ಸಾಗಿಸುವುದರಿಂದ, ನೆಲದ ಹಲಗೆ ಹೊಡೆಯುವ ಮೊದಲು ತೊಲೆಗಳ ಮೇಲೂ ಒಂದು ನಿರೋಧಕ ಹಾಳೆಯನ್ನು ಹಾಸುವುದು ಒಳ್ಳೆಯದು.

ಮೂರನೆಯದು ಓಡುವ ಮತ್ತು ನಿಲ್ಲುವ ಅಂಗಗಳು. ಸ್ಪ್ರಿಂಗುಗಳಲ್ಲಿ ಎರಡು ಬಗೆ. ನಮ್ಮ ಲಾರಿಗಳ ಕೆಳಗೆ ಕಾಣುವಂತಹ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು ಹಳೆಯ ಬಗೆ. ರಬ್ಬರಿನ ತಿರುಚುವಿಕೆಯಿಂದ ಕೆಲಸ ಮಾಡುವುದು ಹೊಸದು. ಇದು ನಯವಾಗಿ ಸಾಗುತ್ತದೆ, ಆದರೆ ಟ್ರೇಲರು ಮಟ್ಟವಾಗಿಲ್ಲದಿದ್ದರೆ ಎರಡು ಅಚ್ಚುಗಳಲ್ಲಿ ಒಂದರ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಹಳೆಯ ಬಗೆಯಲ್ಲಿ ಭಾರ ಎರಡಕ್ಕೂ ಹಂಚಿಹೋಗುತ್ತದೆ, ದುರಸ್ತಿಯೂ ಸುಲಭ. ವಿದ್ಯುತ್ತಿನಿಂದ ನಡೆಯುವ ಬ್ರೇಕು ಎಲ್ಲ ಅಚ್ಚುಗಳಿಗೂ ಇರುವುದು ಲೇಸು. ಕೊಂಡಿ ಕಳಚಿಹೋದರೆ ತಾನಾಗಿಯೇ ಬ್ರೇಕು ಹಿಡಿಯುವ ಸಾಧನವೊಂದನ್ನೂ ಇರಿಸಿರುತ್ತಾರೆ. ಮನೆ ನಿಂತಮೇಲೆ ಅಲುಗಾಡದಂತೆ ನಾಲ್ಕು ಮೂಲೆಗೂ ಜಾಕುಗಳು ಬೇಕು. ಟೈರುಗಳು ಓಡದಿದ್ದರೂ ಮುದಿಯಾಗುತ್ತವೆ. ಬಿಸಿಲು ತಾಗದಂತೆ ಅವುಗಳನ್ನು ಮುಚ್ಚಿಡಬೇಕು, ದೂರ ಹೊರಡುವ ಮುನ್ನ ಪರೀಕ್ಷಿಸಬೇಕು.

ಇಷ್ಟನ್ನು ತಿಳಿದಮೇಲೆ ಕೊಳ್ಳುವ ಕ್ರಮ ಸರಳವಾಗುತ್ತದೆ. ಮನೆಯ ನಕ್ಷೆಯನ್ನು ಬರೆದು, ಗೋಡೆ, ಒಲೆ, ತೊಟ್ಟಿ, ಅಟ್ಟ ಎಲ್ಲವನ್ನೂ ಅದರಲ್ಲಿ ಗುರುತಿಸಬೇಕು. ಪ್ರತಿಯೊಂದರ ತೂಕವನ್ನು ಅಂದಾಜು ಮಾಡಿ, ತೂಕದ ಕೇಂದ್ರವನ್ನು ಕಂಡುಹಿಡಿಯಬೇಕು. ಎಡಬಲಗಳ ತೂಕ ಸಮನಾಗಿದೆಯೇ ಎಂಬುದನ್ನೂ ನೋಡಬೇಕು. ಈ ಕಾಗದಗಳೊಡನೆ ತಯಾರಕನಲ್ಲಿಗೆ ಹೋಗಿ, ಅವನು ಬರೆದ ಟ್ರೇಲರಿನ ನಕ್ಷೆಯನ್ನು ತರಿಸಿಕೊಂಡು, ಎರಡನ್ನೂ ಹೋಲಿಸಿ, ಆಮೇಲೆ ಮುಂಗಡ ಕೊಡಬೇಕು. ಉದ್ದ, ಅಗಲ, ಹಾಸಿನ ಎತ್ತರ, ಅಚ್ಚಿನ ಶಕ್ತಿ ಮತ್ತು ಸ್ಥಾನ, ಬೋಲ್ಟುಗಳ ಸ್ಥಾನ, ಕೊಡುವ ದಿನಾಂಕ ಇವೆಲ್ಲ ಬರವಣಿಗೆಯಲ್ಲಿರಬೇಕು. ಬಾಯಿಮಾತು ಬೆಸುಗೆಯವನ ಕಿವಿಯವರೆಗೆ ಹೋಗುವಷ್ಟರಲ್ಲಿ ಬೇರೆಯಾಗಿರುತ್ತದೆ.

ಟ್ರೇಲರು ಸಿದ್ಧವಾದಾಗ ಅಳತೆಯ ಟೇಪನ್ನು ಮರೆಯದೆ ಒಯ್ಯಬೇಕು. ಎದುರುಬದುರಿನ ಮೂಲೆಗಳ ನಡುವಿನ ಎರಡು ಕರ್ಣಗಳನ್ನು ಅಳೆದು ಅವು ಸಮನಾಗಿದ್ದರೆ ಚೌಕಟ್ಟು ಮೂಲೆಮಟ್ಟಕ್ಕೆ ಸರಿಯಾಗಿದೆಯೆಂದರ್ಥ. ಸಮನಾಗಿಲ್ಲದಿದ್ದರೆ ಆ ಸೊಟ್ಟು ಮಾಡಿನವರೆಗೂ ಏರುತ್ತದೆ. ಭಾರಮಿತಿಯ ಫಲಕ, ಹದಿನೇಳು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ, ತಯಾರಕನ ಮೂಲಪತ್ರ ಇವು ಮೂರೂ ಕೈಸೇರಬೇಕು. ಮೂಲಪತ್ರವಿಲ್ಲದೆ ಒಡೆತನದ ಪತ್ರವನ್ನು ಪಡೆಯುವುದು ಕಷ್ಟ. ದೀಪಗಳನ್ನು ಹೊತ್ತಿಸಿ, ಬ್ರೇಕು ಹಿಡಿದು ನೋಡಬೇಕು. ಮೊದಲ 50 ಮೈಲಿಯೊಳಗೆ ಎರಡು ಮೂರು ಬಾರಿ ನಿಲ್ಲಿಸಿ ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿಯಬೇಕು. ಎಳೆಯುವ ವಾಹನದ ಶಕ್ತಿಯನ್ನೂ ಮೊದಲೇ ಯೋಚಿಸಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಡೆಯದಾಗಿ ನೆಲದ ಪ್ರಶ್ನೆ. ಥೋರೋನಿಗೆ ಎಮರ್ಸನ್ ಸಿಕ್ಕಿದನು, ಎಲ್ಲರಿಗೂ ಸಿಕ್ಕುವುದಿಲ್ಲ. 2018ರ ಕಟ್ಟಡ ಸಂಹಿತೆಯಲ್ಲಿ 400 ಚದರಡಿಯೊಳಗಿನ ಮನೆಗಳಿಗಾಗಿ, ತಗ್ಗಿನ ಅಟ್ಟ, ಕಡಿದಾದ ಏಣಿಗಳನ್ನು ಒಪ್ಪುವ ಒಂದು ಅನುಬಂಧವನ್ನು ಸೇರಿಸಿದರು. ಆದರೆ ಅದರ ದೃಷ್ಟಿ ತಳಪಾಯದ ಮೇಲಿನ ಮನೆಗಳ ಕಡೆಗೆ. ಗಾಲಿಯ ಮನೆಯನ್ನು ಎಲ್ಲಿ ನಿಲ್ಲಿಸಬಹುದೆಂಬುದು ಊರಿಂದೂರಿಗೆ ಬೇರೆ. ಕ್ಯಾಲಿಫೋರ್ನಿಯದ ಫ್ರೆಸ್ನೋ ನಗರ 2016ರಲ್ಲಿಯೂ, ಆರೆಗಾನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ನಗರ 2021ರಲ್ಲಿಯೂ ಇವುಗಳನ್ನು ಮನೆಗಳ ಹಿತ್ತಲಿನಲ್ಲಿ ಇರಿಸಿಕೊಂಡು ವಾಸಿಸಲು ದಾರಿಮಾಡಿಕೊಟ್ಟವು. ಇನ್ನು ಎಷ್ಟೋ ಊರುಗಳಲ್ಲಿ ನೆರೆಯವರೊಬ್ಬರು ದೂರು ಕೊಟ್ಟರೆ ಮನೆಯನ್ನು ಹೂಡಿಕೊಂಡು ಹೊರಡಬೇಕಾಗುತ್ತದೆ. ಆದಕಾರಣ ಟ್ರೇಲರಿಗೆ ಮುಂಗಡ ಕೊಡುವ ಮೊದಲು ಅದನ್ನು ನಿಲ್ಲಿಸುವ ಜಾಗವನ್ನು ವಿಚಾರಿಸುವುದು ಜಾಣತನ.

ಗಾಲಿಯ ಮನೆ ಎಲ್ಲರಿಗೂ ಒಗ್ಗುವುದಲ್ಲ. ಅಜ್ಜಿ, ಮಕ್ಕಳು, ಬಂದುಹೋಗುವ ನೆಂಟರು ಇವರೆಲ್ಲರೂ 170 ಚದರಡಿಯಲ್ಲಿ ಹಿಡಿಸಲಾರರು. ಆದರೆ ಜೀವಮಾನವೆಲ್ಲ ಸಾಲ ತೀರಿಸುತ್ತ ಕೂರುವುದು ಬೇಡವೆಂದು ಒಬ್ಬ ಉಪಾಧ್ಯಾಯಿನಿಯೋ ಬಡಗಿಯೋ ತನ್ನ ಉಳಿತಾಯವನ್ನೆಲ್ಲ ಹಾಕಿ ಇಂತಹ ಮನೆಯನ್ನು ಕಟ್ಟಿಕೊಳ್ಳುವಾಗ, ಅವರ ಹಣಕ್ಕೆ ಎರಡನೆಯ ಅವಕಾಶವಿಲ್ಲ. ಗೋಡೆಯ ಬಣ್ಣ ಹಿಡಿಸದಿದ್ದರೆ ಬದಲಾಯಿಸಬಹುದು, ಕಿಟಕಿಯನ್ನು ಬೇರೆ ಹಾಕಿಸಬಹುದು. ಅಡಿಯಲ್ಲಿರುವ ಅಚ್ಚನ್ನು ಸರಿಸಲಾಗದು. ಕನ್ನಡದಲ್ಲಿ ಒಪ್ಪವಾಗಿ ಹೊಂದಿದ ವಸ್ತುವನ್ನು ‘ಹೇಳಿ ಮಾಡಿಸಿದಂತಿದೆ’ ಎನ್ನುತ್ತೇವೆ. ಆ ಮಾತಿನಲ್ಲಿ ಮಾಡಿಸುವುದಕ್ಕಿಂತ ಹೇಳುವುದು ಮುಂಚೆ ಬರುತ್ತದೆ. ನಾವು ಏನನ್ನು ಹೊರಿಸಲಿದ್ದೇವೆ, ಎಷ್ಟನ್ನು ಹೊರಿಸಲಿದ್ದೇವೆ, ಎಲ್ಲಿ ಹೊರಿಸಲಿದ್ದೇವೆ ಎಂಬುದನ್ನು ಮೊದಲು ನಾವು ತಿಳಿದು, ಆಮೇಲೆ ಮಾಡುವವನಿಗೆ ತಿಳಿಯ ಹೇಳಬೇಕು. ನನ್ನ ತಂದೆಯವರು ಈಗ ಯಾವ ವರ್ಕ್‌ಷಾಪಿಗೆ ಹೋದರೂ, ಒಂದು ನೇಗಿಲ ಕುಳವನ್ನು ಮಾಡಿಸುವುದಾದರೂ, ನನ್ನ ಕೈಯಲ್ಲಿ ಚೀಟಿ ಬರೆಸಿಕೊಂಡೇ ಹೋಗುತ್ತಾರೆ.